ನೆಂಟರ ಮುಂದಿನ ಒಣಬಾಡು

ನಮ್ಮ ಕೇರಿಯಲ್ಲಿ ನೆಂಟರು ಬಂದರೆ ಅವ್ವ ಮೊದಲು ನೋಡೋದು ಒಲೆ ಮೇಲಿನ ಹಗ್ಗವನ್ನ. ಅರಕಲಗೂಡಿನಿಂದ ಸೋದರಮಾವ ಬರಲಿ, ಚನ್ನರಾಯಪಟ್ಟಣದಿಂದ ಬೀಗರು ಬರಲಿ, ಮುದ್ದೆ ಬೇಯುವ ತನಕ ಅವರಿಗೆ ಬಾಯಾಡಿಸೋಕೆ ಒಣಬಾಡು ಇರಲೇಬೇಕು.

ಮಾಡೋದು ಸುಲಭ. ಮೇಕೆ ಬಾಡನ್ನ ತೆಳ್ಳಗೆ ಉದ್ದುದ್ದ ಸೀಳಿ, ಕಲ್ಲುಪ್ಪು, ಅರಿಶಿನ, ಖಾರದ ಪುಡಿ ಸವರಿ ಒಂದು ರಾತ್ರಿ ಬಿಡಬೇಕು. ಉಪ್ಪು ನೀರನ್ನ ಎಳೆದು ಹಾಕುತ್ತೆ. ನೀರು ಹೋದರೆ ಬಾಡು ಕೊಳೆಯೋದಿಲ್ಲ. ಬೆಳಿಗ್ಗೆ ದಾರಕ್ಕೆ ಪೋಣಿಸಿ, ಕಡ್ಡಿಯಂತೆ ಮುರಿಯುವ ತನಕ ಮೂರು ನಾಲ್ಕು ದಿನ ಕಡುಬಿಸಿಲು. ಆಮೇಲೆ ಒಲೆಯ ಹೊಗೆ. ನೆಂಟರು ಬಂದಾಗ ಕೆಂಡದಲ್ಲಿ ಸುಟ್ಟು, ಗುಂಡುಕಲ್ಲಲ್ಲಿ ಜಜ್ಜಿ, ಈರುಳ್ಳಿ ಜೊತೆ ಹುರಿದು, ಹೊಳೆನರಸೀಪುರದ ಸಂತೆಯಿಂದ ತಂದ ಬೆಲ್ಲವನ್ನ ಪುಡಿಮಾಡಿ ಉದುರಿಸಿದರೆ ಆಯ್ತು. ಮೊದಲು ಉಪ್ಪು, ಹಿಂದೆಯೇ ಸಿಹಿ.

ವಿಮರ್ಶೆಯ ಪುಟದಲ್ಲಿ ಇದೇನು ಅಡುಗೆ ಅಂತ ಗೆಳೆಯರು ಕೇಳಬಹುದು. ಇದನ್ನ ನಾವು ಯಾವ ಪಠ್ಯದಲ್ಲೂ ಓದಲಿಲ್ಲ ಅನ್ನೋದೇ ನಮ್ಮ ವಿಮರ್ಶೆ. 16ನೇ ಶತಮಾನದ ಮೂರನೇ ಮಂಗರಸನ 'ಸೂಪಶಾಸ್ತ್ರ' ಬರೀ ಸಸ್ಯಾಹಾರದ ಅಡುಗೆ ಹೇಳುತ್ತೆ. ಅದು ಅವನ ಧರ್ಮ, ತಕರಾರಿಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಹಂದಿ, ಆಮೆ, ಹೊಲದ ಇಲಿಯ ಅಡುಗೆಯನ್ನೂ ಬರೆಸಿದ. ದೊರೆಯ ಎಲೆಗೆ ಬಿದ್ದ ಇಲಿ ಶಾಸ್ತ್ರವಾಯ್ತು. ಕೇರಿಯ ಹಗ್ಗಕ್ಕೆ ಬಿದ್ದ ಬಾಡು ಹೊಲಸಾಯ್ತು. ರುಚಿಯನ್ನ ನಾಲಿಗೆ ತೀರ್ಮಾನಿಸಲಿಲ್ಲ, ಜಾತಿ ತೀರ್ಮಾನಿಸಿತು.

ಆ ತೀರ್ಮಾನಕ್ಕೆ ನಾವೂ ರುಜು ಹಾಕಿದೆವು. ಹಾಸನದಲ್ಲಿ ಬಿ.ಎ. ಓದುವಾಗ ಮೇಲ್ಜಾತಿ ಗೆಳೆಯನೊಬ್ಬ ಮನೆಗೆ ಬಂದ. ಅವ್ವ ಹಗ್ಗಕ್ಕೆ ಕೈ ಹಾಕಿದಳು. ಕಣ್ಣಲ್ಲೇ ತಡೆದು, ಅಂಗಡಿಗೆ ಓಡಿ ಬಿಸ್ಕತ್ತು ತಂದೆವು. ಅವ್ವ ಏನೂ ಅನ್ನಲಿಲ್ಲ. ಅವತ್ತಿನಿಂದ ನಮ್ಮ ಗೆಳೆಯರು ಯಾರೇ ಬಂದರೂ ಅವಳೇ ಮೆಲ್ಲಗೆ ಕೇಳ್ತಾಳೆ: "ಬಿಸ್ಕತ್ ತರಿಸ್ಲೇನಪ್ಪ?" ನಮ್ಮ ಪದವಿ ಅವ್ವನಿಗೆ ಕಲಿಸಿದ್ದು ಇದೊಂದೇ ಪಾಠ.

ಹಾಗಂತ ಒಣಬಾಡೆಲ್ಲ ಹೆಮ್ಮೆಯದ್ದಲ್ಲ. ನಮ್ಮ ತಾತಂದಿರು ಊರಿನ ಸತ್ತ ದನ ಹೊತ್ತು, ಅದರ ಬಾಡನ್ನೇ ಒಣಗಿಸಿ ಮಳೆಗಾಲ ಕಳೆದರು. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂದರು. ಆ ಮಾತನ್ನ ನಾವು ಪುರೋಹಿತರ ಮಡಿಯ ಜೊತೆ ಸೇರಿಸಬಾರದು. ಅದು ಸ್ವಾಭಿಮಾನದ ಮಾತು. ಹಂಗಿನ ಬಾಡು ಬಿಟ್ಟದ್ದು ಬಿಡುಗಡೆ. ಕೂಲಿ ದುಡ್ಡಲ್ಲಿ ಕೊಂಡ ಬಾಡನ್ನ ಬಚ್ಚಿಟ್ಟದ್ದು ಗುಲಾಮಗಿರಿ. ಈ ವ್ಯತ್ಯಾಸ ಕಾಣದೆ ಹಸಿವನ್ನೇ ಹಾಡಿ ಹೊಗಳುವ ಕವಿತೆಯನ್ನ, ನಮ್ಮದೂ ಸೇರಿದಂತೆ, ಅನುಮಾನದಿಂದಲೇ ಓದಬೇಕು.

ಸಾಹಿತ್ಯದ ಮನೆಯಲ್ಲೂ ಇದೇ ಪಂಕ್ತಿಭೇದ. 1979ರ ಧರ್ಮಸ್ಥಳ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಕೊಡಲಿಲ್ಲ; ಆ ಸಿಟ್ಟಿನಲ್ಲೇ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಮ್ಮೇಳನ ನಡೆದಾಗ ಮಳಿಗೆಗಳ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಿಗೇ ಮಾಂಸಾಹಾರವನ್ನೂ ಸೇರಿಸಿ ನಿಷೇಧ ಅಂದರು. ಬಾಡೂಟ ಬೇಕು ಅಂತ ಜನ ದನಿ ಎತ್ತಿದರು. ಕೆಲವರು ನಕ್ಕರು: ಸಾಹಿತ್ಯಕ್ಕೂ ಬಾಡಿಗೂ ಏನು ಸಂಬಂಧ?

ಸಂಬಂಧ ಇದೆ. ಮನೆಗೆ ಕರೆದು, ನಿನ್ನ ಊಟ ಹೊರಗಿಟ್ಟು ಬಾ ಅನ್ನುವವನು, ನಿನ್ನ ಮಾತನ್ನೂ ಹೊರಗಿಟ್ಟು ಬಾ ಅನ್ನುತ್ತಾನೆ.

ಗೆಳೆಯರೇ, ಈ ಸಲ ನಮ್ಮನೆಗೆ ಬನ್ನಿ. ತಿನ್ನುವವರು ತಿನ್ನಿ, ತಿನ್ನದವರಿಗೆ ಕಡಲೆಕಾಯಿ ಉಂಟು, ಬೆಲ್ಲ ಇಬ್ಬರಿಗೂ ಒಂದೇ. ಅವ್ವ ಬಿಸ್ಕತ್ತಿನ ಮಾತೆತ್ತುವ ಮೊದಲು ಹಗ್ಗಕ್ಕೆ ನಾವೇ ಕೈ ಹಾಕುತ್ತೇವೆ.