ಗೋಡೆ ನುಂಗಿದ ವ್ಯಂಜನ

"ಏನಂದ್ಲಪ್ಪ ಅವಳು?"

ನ್ಯಾಮತಿಯ ನಮ್ಮ ಮನೆಯಲ್ಲಿ ರಾತ್ರಿ ಧಾರಾವಾಹಿಯ ಹೊತ್ತಿಗೆ ಅವ್ವ ಈ ಮಾತು ಕೇಳದ ದಿನವೇ ಇರಲಿಲ್ಲ. ನಾನು ರಿಮೋಟ್ ಹುಡುಕಿ ಸೌಂಡ್ ಏರಿಸುತ್ತಿದ್ದೆ. "ಜೋರೇನೋ ಐತೆ, ಮಾತೇ ಗೊತ್ತಾಗಲ್ಲ ನೋಡು" ಎನ್ನುತ್ತಿದ್ದಳು. ವಯಸ್ಸಾಯಿತು, ಕಿವಿ ಮಂದವಾಗಿದೆ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದೆವು. ಒಂದು ಸಂಜೆ ಅವಳು ಕೂರುವ ಮೂಲೆಯ ಕುರ್ಚಿಯಲ್ಲಿ ನಾನೇ ಕೂತು, ಕಣ್ಣು ಮುಚ್ಚಿ ವಾರ್ತೆ ಕೇಳಿದೆ. ಓದುವವರು ಹೇಳಿದ್ದು ಸಾಲವೋ, ಕಾಲವೋ, ಪಾಲೋ ನನಗೂ ತಿಳಿಯಲಿಲ್ಲ. ದೀರ್ಘವಾದ ಆಕಾರ ಕೇಳಿಸಿತು, ಲಕಾರ ಕೇಳಿಸಿತು. ಅವಕ್ಕೂ ಮೊದಲಿನ ಸಕಾರವೋ ಕಕಾರವೋ ಹಾಲಿನಲ್ಲೆಲ್ಲೋ ಕರಗಿ ಹೋಗಿತ್ತು. ಅಷ್ಟು ದಿನ ಅವ್ವನ ಕಿವಿಯನ್ನು ದೂರಿದ್ದಕ್ಕೆ ನನಗೆ ನಾಚಿಕೆಯಾಯಿತು.

ಶಾಲೆಯಲ್ಲಿ ಕಲಿತ ಸ್ವರ, ವ್ಯಂಜನಗಳ ಭೇದ ಇಲ್ಲಿ ಕೆಲಸಕ್ಕೆ ಬರುತ್ತದೆ. ಮಾತಿಗೆ ದನಿಯ ಬಲ ಕೊಡುವುದು ಸ್ವರ, ಅರ್ಥ ಬಿಡಿಸುವುದು ಹೆಚ್ಚಾಗಿ ವ್ಯಂಜನ. ಸ್ವರಗಳ ಶಕ್ತಿ ಬಹುಪಾಲು ಕೆಳಗಿನ ಕಂಪನಾಂಕಗಳಲ್ಲಿದೆ. ಸ, ಶ, ತ, ಕ ಮುಂತಾದವುಗಳ ಗುರುತು ಇರುವುದು 2,000 ಹರ್ಟ್ಸ್‌ನಿಂದ ಮೇಲೆ. ಕೆಳಗಿನ ಕಂಪನಗಳು ಅಡ್ಡ ಬಂದದ್ದನ್ನು ಬಳಸಿಕೊಂಡು ಮನೆಯೆಲ್ಲ ಹರಡುತ್ತವೆ. ಮೇಲಿನವು ಹಾಗಲ್ಲ, ಟಾರ್ಚಿನ ಬೆಳಕಿನಂತೆ ಮುಖ ಮಾಡಿದ ಕಡೆಗೇ ಹೋಗುತ್ತವೆ. ಈಗಿನ ತೆಳ್ಳನೆಯ ಟಿವಿಗಳಲ್ಲಿ ಹೆಚ್ಚಿನವಕ್ಕೆ ಸ್ಪೀಕರ್ ಇರುವುದು ಕೆಳ ಅಂಚಿನಲ್ಲಿ ಅಥವಾ ಬೆನ್ನಲ್ಲಿ. ಅಂಥ ಟಿವಿಯನ್ನು ಗೋಡೆಗೆ ತೂಗುಹಾಕಿದರೆ ಮಾತು ಗೋಡೆಗೋ ನೆಲಕ್ಕೋ ಬಡಿದು, ಚದುರಿ, ಆಮೇಲೆ ನಮ್ಮ ಕಡೆ ಬರುತ್ತದೆ. ವಯಸ್ಸಾದಂತೆ ಮನುಷ್ಯರಿಗೆ ಮೊದಲು ಕುಗ್ಗುವುದೂ ಇದೇ ಮೇಲಿನ ಕಂಪನಗಳ ಕೇಳ್ಮೆ. ಗೋಡೆ ಅರ್ಧ ನುಂಗಿ, ವಯಸ್ಸು ಉಳಿದದ್ದರಲ್ಲಿ ಅರ್ಧ ನುಂಗಿದರೆ ಅವ್ವನ ಪಾಲಿಗೆ ಉಳಿಯುವುದು ಬರೀ ಸ್ವರ.

1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬರುತ್ತಿದ್ದಾಗ ಒಂದು ಮನೆಯ ಡಯನೋರಾ ಅಥವಾ ಸಾಲಿಡೇರ್ ಟಿವಿ ಮುಂದೆ ಇಡೀ ಬೀದಿ ಕೂರುತ್ತಿತ್ತು. ಬಾಗಿಲ ಬಳಿ ನಿಂತವರಿಗೂ ಮಾತು ಮುಟ್ಟುತ್ತಿತ್ತು. ಆ ಪೆಟ್ಟಿಗೆಗಳಲ್ಲಿ ಸ್ಪೀಕರ್ ಪರದೆಯ ಪಕ್ಕದಲ್ಲೇ, ನೋಡುವವರ ಕಡೆಗೇ ಮುಖ ಮಾಡಿ ಕೂತಿರುತ್ತಿತ್ತು. ಮರದ ಪೆಟ್ಟಿಗೆಯ ಒಳಗೆ ಗಾಳಿಗೂ ಜಾಗವಿತ್ತು. ಅದಕ್ಕೂ ಮೊದಲು ನಮ್ಮ ಕಡೆಯವರ ಕಿವಿ ಪಳಗಿದ್ದು 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯಿಂದ. 675 ಕಿಲೋಹರ್ಟ್ಸ್ ಮಧ್ಯಮ ತರಂಗದಲ್ಲಿ ಬಾಸ್ ಎನ್ನುವುದು ಹೆಸರಿಗಷ್ಟೇ, ಆದರೆ ಮಾತು ಅಕ್ಷರ ಅಕ್ಷರವಾಗಿ ಬರುತ್ತಿತ್ತು. ಅಡಿಕೆ ಸುಲಿಯುತ್ತ ಕೂತ ಹೆಂಗಸರು ಅಂಗಳದ ಆ ತುದಿಯಿಂದ ಕೃಷಿರಂಗ ಕೇಳಿ ಅರ್ಥ ಮಾಡಿಕೊಳ್ಳುತ್ತಿದ್ದರು.

ತೆಳ್ಳನೆಯ ಟಿವಿಯ ಈ ಕೊರತೆ ನೀಗಲು ಅದರ ಕೆಳಗಿಡುವ ಉದ್ದನೆಯ ಸ್ಪೀಕರ್, ಅಂದರೆ ಸೌಂಡ್ ಬಾರ್ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಅದನ್ನು ಮಾತಿಗಾಗಿ ಕೊಳ್ಳಿ. ಗುಡುಗು, ಗುಂಡು, ಹೀರೋ ಎಂಟ್ರಿ ಎಲ್ಲ ಆಮೇಲಿನವು.

ನಾನು ಮೊದಲ ಸಲ ಹಾಗೆ ಮಾಡಲಿಲ್ಲ. ಅಡಿಕೆ ದುಡ್ಡು ಕೈಗೆ ಬಂದಿದ್ದ ವರ್ಷ, ದೊಡ್ಡ ಅಂಗಡಿಯೊಂದರಲ್ಲಿ ಎದೆ ನಡುಗಿಸುವ ಬಾಸ್ ಕೇಳಿ ಮರುಳಾಗಿ ಒಂದು ಸೆಟ್ ತಂದೆ. ಹಾಲಿನ ಮೂಲೆಯಲ್ಲಿ ಅದರ ಬಾಸ್ ಪೆಟ್ಟಿಗೆ, ಅಂದರೆ ಸಬ್‌ವೂಫರ್ ಇಟ್ಟೆ. ಶೋಕೇಸಿನ ಸ್ಟೀಲ್ ಲೋಟಗಳು ಟಣಟಣ ಎನ್ನತೊಡಗಿದವು. ವಾರದೊಳಗೆ ಅವ್ವ ಸಂಜೆ ಹೊತ್ತು ಅಡುಗೆಮನೆಗೆ ಹೋಗಿ ಕೂರುವುದನ್ನು ರೂಢಿ ಮಾಡಿಕೊಂಡಳು. ಮಾತು ಮೊದಲಿಗಿಂತ ಮಸುಕಾಗಿತ್ತು, ಬಾಸ್ ಅದರ ಮೇಲೆ ಕಂಬಳಿ ಹೊದಿಸಿತ್ತು.

ಡಬ್ಬದ ಮೇಲಿನ ಅಂಕಿಗಳನ್ನು ಹೀಗೆ ಓದಿ. 2.1 ಎಂದರೆ ಎಡ, ಬಲ ಎರಡು ಚಾನೆಲ್, ಜೊತೆಗೊಂದು ಸಬ್‌ವೂಫರ್. 3.1 ಎಂದರೆ ಎಡಬಲಗಳ ನಡುವೆ ಇನ್ನೊಂದು, ಅದೇ ಸೆಂಟರ್ ಚಾನೆಲ್. 5.1ರಲ್ಲಿ ಬೆನ್ನ ಹಿಂದಿನದೋ ಪಕ್ಕದದೋ ಎರಡು ಸೇರುತ್ತವೆ. 5.1.2ರ ಕೊನೆಯ ಎರಡು ಸೂರಿನ ಕಡೆ ಮುಖ ಮಾಡಿದವು. ಸಿನಿಮಾದ ಮಾತಿನ ಬಹುಪಾಲನ್ನು ಧ್ವನಿ ಮಿಶ್ರಣ ಮಾಡುವವರು ಸೆಂಟರಿಗೇ ಕೊಡುತ್ತಾರೆ. ಬಾರ್‌ನಲ್ಲಿ ಮಾತಿಗೆಂದೇ ನಡುವೆ ಒಂದು ಸ್ಪೀಕರ್ ಇದ್ದರೆ ಎಡಬಲದ ಗದ್ದಲವನ್ನು ಮುಟ್ಟದೆ ಮಾತನ್ನಷ್ಟೇ ಎರಡು ಮೆಟ್ಟಿಲು ಏರಿಸಬಹುದು. ಇನ್ನೊಂದು ಲಾಭವಿದೆ. ಎರಡೇ ಚಾನೆಲ್ ಇದ್ದಾಗ ಮಾತು ನಡುವಿನಿಂದ ಬಂದಂತೆ ಕೇಳುವುದು ನಟ್ಟನಡುವೆ ಕೂತವರಿಗೆ ಮಾತ್ರ, ಮೂಲೆಯ ಕುರ್ಚಿಯವರಿಗೆ ಅದು ಹತ್ತಿರದ ತುದಿಯಿಂದಲೇ ಬರುತ್ತದೆ. ನಮ್ಮ ಮನೆಗಳಲ್ಲಿ ಸೋಫಾದ ನಡುಭಾಗ ಮಕ್ಕಳದು, ಮೂಲೆ ಹಿರಿಯರದು. ಆದ್ದರಿಂದ ಸಬ್‌ವೂಫರ್ ಚಿಕ್ಕದಾದರೂ ಚಿಂತೆಯಿಲ್ಲ, ಸೆಂಟರ್ ಇರಲಿ. ದುಡ್ಡು ಸಾಲದಿದ್ದರೆ 2.1ರಲ್ಲೇ 'ವಾಯ್ಸ್' ಅಥವಾ 'ಡೈಲಾಗ್' ಎಂಬ ಗುಂಡಿ ಇರುವುದನ್ನು ಆರಿಸಿ. ಹಿಂದಿನ ಸ್ಪೀಕರುಗಳ ಆಸೆಗೆ ಬಿದ್ದು ಅಗ್ಗದ 5.1 ತರುವವರಿಗೆ ಒಂದು ಮಾತು: ಮನೆಯಲ್ಲಿ ದಿನವಿಡೀ ಓಡುವ ಕೇಬಲ್ ಚಾನೆಲ್‌ಗಳ ಹೆಚ್ಚಿನ ಕಾರ್ಯಕ್ರಮಗಳು ಬರೀ ಸ್ಟೀರಿಯೊ.

ವ್ಯಾಟ್ ಲೆಕ್ಕಕ್ಕೆ ಬೆಲೆ ಕೊಡಬೇಡಿ. 200 ವ್ಯಾಟಿನದು 100 ವ್ಯಾಟಿನದಕ್ಕಿಂತ ಜೋರಾಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತರಷ್ಟು ವ್ಯಾಟ್ ಬೇಕು. ಮನೆಯ ಹಾಲಿನಲ್ಲಿ ಧಾರಾವಾಹಿ ಕೇಳಲು ಖರ್ಚಾಗುವುದು ಕೆಲವೇ ವ್ಯಾಟ್. ಪಿಎಂಪಿಒ ಎಂದು ಸಾವಿರಗಟ್ಟಲೆ ಬರೆದ ಡಬ್ಬ ಕಂಡರೆ ಕೆಳಗಿಟ್ಟು ಮುಂದೆ ಹೋಗಿ, ನಿರಂತರ ಬಲ ಹೇಳುವ ಆರ್‌ಎಂಎಸ್ ಅಂಕಿ ಕೇಳಿ.

ಇನ್ನು ಗೋಡೆ. ಹೊಸ ಮನೆ ಕಟ್ಟಿಸಿದವರು ಟಿವಿಯನ್ನು ದೇವರ ಫೋಟೊದಂತೆ ಎತ್ತರಕ್ಕೆ ಹಾಕಿಸುತ್ತಾರೆ. ಕೂತಾಗ ಕಣ್ಣಿನ ಮಟ್ಟ ನೆಲದಿಂದ ಮೂರೂವರೆ ಅಡಿ, ಪರದೆಯ ನಡುಭಾಗ ಅದರ ಆಸುಪಾಸಿನಲ್ಲಿದ್ದರೆ ಅದರ ಕೆಳಗಿನ ಬಾರ್ ಕಿವಿಗೆ ಹತ್ತಿರವಾಗುತ್ತದೆ. ಅಂಗಡಿಗೆ ಹೋಗುವ ಮುನ್ನ ಟೇಪ್ ಹಿಡಿದು ಟಿವಿಯ ಅಗಲ ಅಳೆಯಿರಿ. 43 ಇಂಚಿನ ಟಿವಿಯ ಪರದೆ ಸುಮಾರು 95 ಸೆಂಟಿಮೀಟರ್ ಅಗಲ, 55 ಇಂಚಿನದು ಸುಮಾರು 122. ಬಾರ್ ಅದಕ್ಕಿಂತ ಉದ್ದವಾದರೆ ಕಣ್ಣಿಗೂ ಚೆನ್ನಲ್ಲ, ಸ್ವಿಚ್ ಬೋರ್ಡಿಗೂ ಅಡ್ಡ. ಟಿವಿಗೂ ಬಾರಿಗೂ ನಡುವೆ ಎರಡು ಮೂರು ಇಂಚು ಬಿಡಿ, ಟಿವಿಯ ರಿಮೋಟ್ ಕಣ್ಣು ಮುಚ್ಚಿಹೋಗಬಾರದು. ಹಳೆಯ ಮನೆಯ ಮಣ್ಣಿನ ಗೋಡೆಯಾದರೆ ಡ್ರಿಲ್ ಹಾಕಿಸಲೇಬೇಡಿ, ಪ್ಲಗ್ ನಿಲ್ಲುವುದಿಲ್ಲ. ಅಂಥ ಕಡೆ ನೆಲದ ಮೇಲೆ ನಿಲ್ಲುವ ಮರದ ಸ್ಟ್ಯಾಂಡ್ ಒಳ್ಳೆಯದು. ಶೋಕೇಸಿನ ಗೂಡಿನೊಳಗೆ ಮಾತ್ರ ಬಾರ್ ತುರುಕಬೇಡಿ, ದನಿ ಬಾವಿಯೊಳಗಿಂದ ಬಂದಂತಾಗುತ್ತದೆ. ಮನೆ ಕಟ್ಟಿಸುತ್ತಿರುವವರು ಟಿವಿ ಜಾಗಕ್ಕೆ ಒಂದೂವರೆ ಇಂಚಿನ ಪೈಪ್ ಹೂಳಿಸಿ. ಕರೆಂಟ್ ವೈರಿಗೆ ಹಾಕುವ ಮುಕ್ಕಾಲು ಇಂಚಿನ ಪೈಪಿನಲ್ಲಿ ಎಚ್‌ಡಿಎಂಐ ಕೇಬಲಿನ ತಲೆ ತೂರುವುದಿಲ್ಲ, ಪ್ಲಾಸ್ಟರ್ ಆದ ಮೇಲೆ ಗೋಡೆ ಒಡೆಯುವುದು ಯಾರಿಗೂ ಬೇಡ.

ಸೂರಿಗೆ ದನಿ ಚಿಮ್ಮಿಸುವ ಅಟ್ಮಾಸ್ ಬಾರ್‌ಗಳ ಬಗ್ಗೆ ನಮ್ಮ ಊರಿನವರು ನನ್ನನ್ನು ಆಗಾಗ ಕೇಳುತ್ತಾರೆ. 2012ರಲ್ಲಿ ಚಿತ್ರಮಂದಿರಗಳಿಗೆಂದು ಬಂದ ಡಾಲ್ಬಿಯ ಈ ತಂತ್ರ ಮನೆಯಲ್ಲಿ ಕೆಲಸ ಮಾಡುವುದು ತಾರಸಿಯಿಂದ ದನಿ ಪುಟಿದು ಕೆಳಗೆ ಬಂದಾಗ. ಚಪ್ಪಟೆಯಾದ, ಎಂಟರಿಂದ ಹನ್ನೆರಡು ಅಡಿ ಎತ್ತರದ ಆರ್‌ಸಿಸಿ ಇದ್ದರೆ ಸರಿ. ನ್ಯಾಮತಿ, ಸವಳಂಗದ ಕಡೆ ಈಗಲೂ ಉಳಿದಿರುವ ಹಂಚಿನ ಮನೆಗಳಲ್ಲಿ ಇಳಿಜಾರಿನ ಸೂರು ದನಿಯನ್ನು ಇನ್ನೆಲ್ಲಿಗೋ ತಳ್ಳುತ್ತದೆ, ಹಂಚಿನ ಸಂದಿಯಲ್ಲಿ ಒಂದಿಷ್ಟು ಆರಿಹೋಗುತ್ತದೆ. ಅಂಥ ಮನೆಗೆ ಆ ಹೆಚ್ಚಿನ ದುಡ್ಡು ಹಾಕುವುದು ವ್ಯರ್ಥ.

ಹೊಸ ಮನೆಗಳಿಗೆ ಬೇರೊಂದು ಕಾಯಿಲೆ. ನೆಲಕ್ಕೆ ನುಣುಪು ಟೈಲ್ಸ್, ಬರಿ ಗೋಡೆ, ಗಾಜಿನ ಕಿಟಕಿ. ಹಾಲಿನ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆ 'ಝಿಂಗ್' ಎಂದು ಬಾಲ ಎಳೆದರೆ ಎಷ್ಟು ದುಬಾರಿ ಬಾರ್ ತಂದರೂ ಮಾತು ಕಲಸಿಹೋಗುತ್ತದೆ. ಅದಕ್ಕೆ ಮದ್ದು ಅಂಗಡಿಯಲ್ಲಿಲ್ಲ, ಅಟ್ಟದಲ್ಲಿದೆ. ನಮ್ಮ ಮನೆಯಲ್ಲಿ ಅಟ್ಟದಿಂದ ಹಳೆಯ ಜಮಖಾನ ಇಳಿಸಿ ಟಿವಿ ಮುಂದೆ ಹಾಸಿದೆ, ಕಿಟಕಿಗೆ ದಪ್ಪ ಪರದೆ ಕಟ್ಟಿದೆ. ಮತ್ತೆ ಚಪ್ಪಾಳೆ ತಟ್ಟಿದಾಗ ಆ ಬಾಲ ತುಂಡಾಗಿತ್ತು. ಆ ರಾತ್ರಿ ಸೌಂಡನ್ನು ಎರಡು ಕಡ್ಡಿ ಕಡಿಮೆ ಇಟ್ಟೆವು. ಸಬ್‌ವೂಫರನ್ನೂ ಮೂಲೆಯಿಂದ ಎರಡು ಅಡಿ ಈಚೆಗೆ ಎಳೆದೆ. ಎರಡು ಗೋಡೆ ಕೂಡುವ ಮೂಲೆ ಬಾಸನ್ನು ಉಬ್ಬಿಸುತ್ತದೆ, ಈಚೆ ಬಂದ ಕೂಡಲೆ ಲೋಟಗಳ ಸದ್ದು ನಿಂತಿತು.

ಜೋಡಿಸುವಾಗ ಬ್ಲೂಟೂತ್ ಬೇಡ. ತುಟಿ ಮುಂದೆ, ಮಾತು ಹಿಂದೆ ಎನ್ನುವಷ್ಟು ತಡ ಆಗಬಹುದು. ಟಿವಿಯ ಹಿಂದೆ ಎಚ್‌ಡಿಎಂಐ ತೂತುಗಳಲ್ಲಿ ಒಂದರ ಮೇಲೆ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದಿರುತ್ತದೆ, ಕೇಬಲ್ ಅದಕ್ಕೇ ಹೋಗಬೇಕು. 2009ರ ಎಚ್‌ಡಿಎಂಐ 1.4ರಿಂದ ಬಂದ ಈ ಅನುಕೂಲದಿಂದ ಟಿವಿಯ ದನಿ ಅದೇ ಕೇಬಲಿನಲ್ಲಿ ಹಿಂದಿರುಗಿ ಬಾರಿಗೆ ಬರುತ್ತದೆ. ಟಿವಿಯ ಸೆಟ್ಟಿಂಗಿನಲ್ಲಿ ಸಿಇಸಿ ಆನ್ ಮಾಡಿದರೆ ಟಿವಿ ರಿಮೋಟಿನಲ್ಲೇ ಬಾರಿನ ಸೌಂಡ್ ಏರಿಳಿಯುತ್ತದೆ. ಅವ್ವನ ಕೈಗೆ ಇನ್ನೊಂದು ರಿಮೋಟ್ ಕೊಡುವ ಕಷ್ಟ ತಪ್ಪುತ್ತದೆ, ಮತ್ತು ಇದು ಸಣ್ಣ ವಿಷಯವಲ್ಲ. ಇನ್ನೊಂದು ಎಚ್ಚರಿಕೆ: ಗುಡುಗು ಸಿಡಿಲು ಹತ್ತಿರ ಬರುವ ಮುನ್ನವೇ ಟಿವಿ, ಬಾರ್, ಸೆಟ್‌ಟಾಪ್ ಬಾಕ್ಸ್ ಮೂರರ ಪ್ಲಗ್ಗನ್ನೂ ಕೀಳಿ, ಡಿಶ್‌ನಿಂದ ಬರುವ ವೈರನ್ನೂ ಬಿಚ್ಚಿ. ಸ್ವಿಚ್ ಆರಿಸಿದರೆ ಸಾಲದು, ಸಿಡಿಲಿನ ಕರೆಂಟ್ ಆ ವೈರಿನಿಂದಲೂ ಒಳಗೆ ಬಂದು ಎಚ್‌ಡಿಎಂಐ ಪೋರ್ಟನ್ನು ಸುಡುತ್ತದೆ.

ಜಿಲ್ಲಾ ಕೇಂದ್ರ ದಾವಣಗೆರೆಯಾದರೂ ನಮಗೆ ಪೇಟೆಯೆಂದರೆ ಹತ್ತಿರದ ಶಿವಮೊಗ್ಗ. ಯಾವ ಅಂಗಡಿಗೆ ಹೋದರೂ ಮೊದಲು ಹಾಕಿ ತೋರಿಸುವುದು ಹೊಡೆದಾಟದ ದೃಶ್ಯ. "ಅಣ್ಣಾ, ಅದನ್ನ ತೆಗೀರಿ, ನ್ಯೂಸ್ ಹಾಕಿ" ಎನ್ನಿ. ಹೆಣ್ಣುದನಿಯೊಂದು, ಗಂಡುದನಿಯೊಂದು ಕೇಳಿ. ಆಮೇಲೆ 1977ರ 'ಬಬ್ರುವಾಹನ'ದಲ್ಲಿ ಅರ್ಜುನ, ಬಬ್ರುವಾಹನ ಎದುರುಬದುರಾಗುವ ದೃಶ್ಯ ಹಾಕಿಸಿ. ಎರಡೂ ಪಾತ್ರ ರಾಜಕುಮಾರ್ ಅವರದೇ, ಒಂದೇ ಗಂಟಲು. ಆದರೆ ಪ್ರಾಯದ ಬಿಸಿ ಒಂದರಲ್ಲಿ, ಅನುಭವದ ಗತ್ತು ಇನ್ನೊಂದರಲ್ಲಿ. ಕಣ್ಣು ಮುಚ್ಚಿ ಕೇಳಿದಾಗ ಯಾವ ಮಾತು ಯಾರದೆಂದು ತಿಳಿಯುವಂತೆ ಬಿಡಿಸಿ ಕೊಡುವ ಬಾರ್ ಒಳ್ಳೆಯ ಬಾರ್. ಆ ದೃಶ್ಯದ ಮಹಾಪ್ರಾಣಗಳು ಮಹಾಪ್ರಾಣಗಳಾಗಿಯೇ ಕೇಳಬೇಕು. ಕೊನೆಗೆ 2022ರ 'ಕಾಂತಾರ'ದ ಕೊನೆಯ ಭಾಗ ಹಾಕಿಸಿ. ದೈವದ ಆ ಕೂಗು ಕಿವಿ ಚುಚ್ಚದೆ ಮೈ ಜುಮ್ಮೆನ್ನಿಸಿದರೆ ಬಾಸೂ ಸಾಕಷ್ಟಿದೆ ಎಂದರ್ಥ.

ಇವೆಲ್ಲಕ್ಕಿಂತ ನಾನು ನಂಬುವ ಪರೀಕ್ಷೆ ಬೇರೆ. ಸೌಂಡ್ ಇಳಿಸುತ್ತ ಹೋಗಿ, ಪಿಸುಮಾತಿನ ಮಟ್ಟಕ್ಕೆ ತನ್ನಿ. ಜೋರಿನಲ್ಲಿ ಎಲ್ಲ ಬಾರೂ ಚೆನ್ನಾಗಿಯೇ ಕೇಳುತ್ತವೆ. ಸಣ್ಣ ದನಿಯಲ್ಲೂ ಸಾಲ ಸಾಲವಾಗಿ, ಕಾಲ ಕಾಲವಾಗಿ ಕೇಳಿದರೆ ಅದು ರಾತ್ರಿ ಹತ್ತರ ಮೇಲೆ, ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಓದುವ ಮಗುವಿರುವ ಮನೆಗೂ ಆಗುತ್ತದೆ.

ಸಂಗೀತಕ್ಕೆ ಮಾತ್ರ ಬಾರನ್ನು ನೆಚ್ಚಬೇಡಿ. ಮೂರಡಿ ಕೋಲಿನ ಎರಡು ತುದಿಗಳು ಹತ್ತಡಿ ದೂರಕ್ಕೆ ಎಡಬಲವೆಂದು ಅಷ್ಟು ಬೇರೆಯಾಗಿ ಕೇಳಿಸುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರನ್ನು ಮನಸಿಟ್ಟು ಕೇಳುವವರು ಅದೇ ದುಡ್ಡಿಗೆ ಎರಡು ಬಿಡಿ ಸ್ಪೀಕರ್, ಒಂದು ಸಣ್ಣ ಆಂಪ್ಲಿಫೈಯರ್ ನೋಡುವುದು ವಾಸಿ.

ಎರಡನೆಯ ಸಲ ಕೊಳ್ಳಲು ಹೋದಾಗ ನಾನು ಅವ್ವನನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ. ಅಂಗಡಿಯ ಹುಡುಗ ಒಂದೊಂದೇ ಬಾರಿನಲ್ಲಿ ವಾರ್ತೆ ಹಾಕಿದ. ಮೂರನೆಯದರಲ್ಲಿ ಅವ್ವ ನನ್ನ ತೋಳು ಮುಟ್ಟಿ, "ಹಳದಮ್ಮನ ಜಾತ್ರೆ ಅಂದ್ಲು, ಅಲ್ವಾ?" ಎಂದಳು. ಅದನ್ನೇ ಕಟ್ಟಿಸಿಕೊಂಡು ಬಂದೆವು. ನೀವೂ ಬಾರ್ ನೋಡಲು ಹೋಗುವಾಗ ಮನೆಯ ಹಿರಿಯರನ್ನು ಕರೆದೊಯ್ಯಿರಿ, ಅವರಿಗೆ ಮಾತು ತಿಳಿದದ್ದನ್ನೇ ತನ್ನಿ.