ದ್ವಿಪೀಡನವಾದ: ಒಂದು ಪರಿಶೀಲನೆ

ವೈದ್ಯಶಾಸ್ತ್ರದ ಕೆಲವು ವಾದಗಳು, ತಾವು ಕೊಟ್ಟ ಉತ್ತರ ಸೋತ ಮೇಲೂ, ತಾವು ಎತ್ತಿದ ಪ್ರಶ್ನೆಯ ಬಲದಿಂದ ಬಾಳುತ್ತವೆ. ಕೆನಡಾದ ಆಪ್ಟನ್ ಮತ್ತು ಮೆಕೋಮಸ್ ಎಂಬಿಬ್ಬರು 1973ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮಂಡಿಸಿದ ‘ಡಬಲ್ ಕ್ರಶ್’ ಸಿದ್ಧಾಂತ, ಅಂದರೆ ದ್ವಿಪೀಡನವಾದ, ಅಂಥದೊಂದು. ಮಣಿಕಟ್ಟಿನಲ್ಲೋ ಮೊಣಕೈಯಲ್ಲೋ ನರ ಅದುಮಿಹೋಗಿ ಕೈ ಜೋಮುಹಿಡಿದ 115 ಮಂದಿಯನ್ನು ಪರೀಕ್ಷಿಸಲಾಗಿ, ಅವರಲ್ಲಿ 81 ಮಂದಿಗೆ ಕತ್ತಿನ ನರಮೂಲದಲ್ಲಿಯೂ ದೋಷದ ಕುರುಹು ಕಂಡಿತೆಂದೂ, ಜೀವಕೋಶದಿಂದ ತಂತುವಿನ ತುದಿಯವರೆಗೆ ಸಾಗುವ ಪೋಷಕದ್ರವ್ಯದ ಪ್ರವಾಹ ಮೇಲೊಂದೆಡೆ ಕುಂಠಿತವಾದುದರಿಂದಲೇ ಕೆಳಗಿನ ಅಲ್ಪ ಒತ್ತಡವನ್ನೂ ನರ ತಾಳಲಾರದೆ ಹೋಯಿತೆಂದೂ ಅವರು ಊಹಿಸಿದರು.

ಈ ವಾದ ಏಕೆ ಹಿಡಿಸಿತೆಂಬುದು ಸುಲಭವಾಗಿ ತಿಳಿಯುತ್ತದೆ: ಮಣಿಕಟ್ಟಿನ ಶಸ್ತ್ರಚಿಕಿತ್ಸೆಯಾದ ಮೇಲೂ ಬೇನೆ ಉಳಿದ ರೋಗಿಗೆ ಹೇಳಲು ವೈದ್ಯನಿಗೊಂದು ಕಾರಣ ದೊರೆಯಿತು, ಅದು ಸದಾ ಸರಿಯಾದ ಕಾರಣವೇ ಎಂಬುದು ಬೇರೆ ಮಾತು. ಆದರೆ 1997ರಲ್ಲಿ ವಿಲ್‌ಬೋರ್ನ್ ಮತ್ತು ಗಿಲಿಯಟ್ ಇದನ್ನು ಒರೆಗೆ ಹಚ್ಚಿದಾಗ, ಶರೀರರಚನೆಯೇ ಪ್ರತಿಕೂಲ ಸಾಕ್ಷಿ ನುಡಿಯಿತು. ಸ್ಪರ್ಶವನ್ನು ಹೊತ್ತು ತರುವ ತಂತುವಿನ ಜೀವಕೋಶವಿರುವುದು ಬೆನ್ನುಹುರಿಯೊಳಗಲ್ಲ, ಅದರ ಪಕ್ಕದ ನರಗಂಟಿನಲ್ಲಿ. ಆ ಕೋಶವು ಒಂದು ಶಾಖೆಯನ್ನು ಬೆರಳಿನತ್ತಲೂ ಇನ್ನೊಂದನ್ನು ಬೆನ್ನುಹುರಿಯತ್ತಲೂ ಚಾಚಿರುವುದರಿಂದ, ಗಂಟಿಗಿಂತ ಒಳಗೆ ನರಮೂಲ ಅದುಮಿದರೆ ಕುಗ್ಗತಕ್ಕದ್ದು ಒಳಶಾಖೆಯ ಪೋಷಣೆಯೇ ಹೊರತು ಬೆರಳಿನತ್ತ ಹೊರಟುದರದಲ್ಲ. ಸ್ನಾಯುಗಳನ್ನು ಆಡಿಸುವ ತಂತುಗಳ ಮಟ್ಟಿಗೆ ವಾದ ನಿಂತೀತು. ಮಣಿಕಟ್ಟಿನ ರೋಗಿಯ ಮೊದಲ ದೂರಾದರೋ ಜೋಮು.

ಮಲ್ಟಿಪಲ್ ಸ್ಕ್ಲೆರೋಸಿಸ್ಸನ್ನೇ ಮೇಲಿನ ಪೀಡನವೆಂದು ಎಣಿಸುವವರ ಕಷ್ಟ ಇನ್ನೂ ಹಿರಿದು. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ 1868ರಲ್ಲಿ ಶಾರ್ಕೋ ವಿಶದೀಕರಿಸಿದ ಆ ವ್ಯಾಧಿ ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳ ಮಯಲಿನ್ ಪೊರೆಯನ್ನು ಹಾಳುಗೆಡವುತ್ತದೆ; ಕೈಕಾಲಿನ ನರಗಳಿಗೆ ಪೊರೆ ಹೊದಿಸುವ ಕೋಶಗಳೇ ಬೇರೆ. ಆದುದರಿಂದ ಈ ವ್ಯಾಧಿಯೂ ನರದ ಪೀಡನವೂ ಸಂಧಿಸುವುದು ತಂತುವಿನ ಪೋಷಣೆಯಲ್ಲಲ್ಲ, ಲಕ್ಷಣದಲ್ಲಿ. ಕತ್ತು ಬಾಗಿಸಿದೊಡನೆ ಬೆನ್ನಿನುದ್ದಕ್ಕೂ ವಿದ್ಯುತ್ತು ಹರಿದಂತಾಗುವ, 1924ರಲ್ಲಿ ಲೆರ್ಮಿತ್ ವರ್ಣಿಸಿದ ಚಿಹ್ನೆಯನ್ನೇ ನೋಡಿರಿ: ಅದು ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿಯೂ ಉಂಟು, ಕತ್ತಿನ ಮೂಳೆ ಸವೆದು ಬೆನ್ನುಹುರಿ ಅದುಮಿದಲ್ಲಿಯೂ ಉಂಟು. ಬಿಗಿದ ನಡಿಗೆ, ತಡೆಯಲಾಗದ ಮೂತ್ರಶಂಕೆ, ಕೈಯ ಜಡತೆ ಇವೂ ಎರಡಕ್ಕೂ ಸಮಾನ. ಎರಡೂ ಒಬ್ಬನಲ್ಲೇ ನೆಲಸಿರಬಹುದೆಂಬುದನ್ನು ಇಂಗ್ಲೆಂಡಿನ ರಸೆಲ್ ಬ್ರೈನ್ ಮತ್ತು ಮಾರ್ಸಿಯಾ ವಿಲ್ಕಿನ್‌ಸನ್ 1957ರಷ್ಟು ಹಿಂದೆಯೇ ಚರ್ಚಿಸಿದ್ದರು. ಎಂಆರ್‌ಐ ಇಲ್ಲದ ಕಾಲದ ಆ ಎಚ್ಚರ, ಚಿತ್ರಗಳು ಹೇರಳವಾಗಿರುವ ನಮ್ಮ ಕಾಲದಲ್ಲಿ ಸಡಿಲಿದೆಯೆಂದೇ ನನ್ನ ಭಾವನೆ.

ಏಕೆಂದರೆ ಚಿತ್ರ ತೋರಿಸಿದ್ದೆಲ್ಲ ರೋಗಕಾರಣವಲ್ಲ. ನಡುವಯಸ್ಸು ದಾಟಿದವರ ಕತ್ತಿನಲ್ಲಿ, ಯಾವ ಬಾಧೆಯೂ ಇಲ್ಲದಿದ್ದಾಗಲೂ, ಸವೆದ ಡಿಸ್ಕು ಕಾಣುವುದು ಸಾಮಾನ್ಯ. ಮೆದುಳಿನ ಬಿಳಿಯ ಚುಕ್ಕೆಗಳು ರಕ್ತದೊತ್ತಡದಿಂದಲೂ ತಲೆಶೂಲೆಯಿಂದಲೂ ಬರಬಲ್ಲವು. ಮಲ್ಟಿಪಲ್ ಸ್ಕ್ಲೆರೋಸಿಸ್‌ನ ನಿರ್ಣಯಕ್ಕೆಂದು 2001ರಲ್ಲಿ ಹೊರಟು 2017ರಲ್ಲಿ ಪರಿಷ್ಕೃತವಾದ ಮೆಕ್‌ಡೊನಾಲ್ಡ್ ಸೂತ್ರಗಳು ಬೇರೆ ಕಾರಣಗಳನ್ನು ಮೊದಲು ಅಳೆದು ನೋಡಬೇಕೆಂದು ವಿಧಿಸುವುದು ಇದರಿಂದಲೇ.

ಹಾಗಾದರೆ ದ್ವಿಪೀಡನವಾದದಲ್ಲಿ ಉಳಿದುದೇನು? ಒಂದೆಡೆ ದೋಷ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಬಾರದೆಂಬ ಅದರ ಹಟ. ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದವರು ಊರುಗೋಲಿಗೆ ಭಾರ ಕೊಟ್ಟೋ ಗಾಲಿಕುರ್ಚಿ ತಳ್ಳಿಯೋ ಮಣಿಕಟ್ಟಿನ ನರವನ್ನು ನಿಜವಾಗಿಯೇ ನೋಯಿಸಿಕೊಳ್ಳುತ್ತಾರೆ. ಅವರ ಹೊಸ ಜೋಮನ್ನು ಹಳೆಯ ವ್ಯಾಧಿಯ ಲೆಕ್ಕಕ್ಕೆ ಸೇರಿಸಿಬಿಟ್ಟರೆ, ಮಣಿಕಟ್ಟಿಗೊಂದು ಪಟ್ಟಿಯಿಂದಲೋ ಸಣ್ಣ ಶಸ್ತ್ರಚಿಕಿತ್ಸೆಯಿಂದಲೋ ನೀಗಬಹುದಾದ ಬಾಧೆ ನಿಷ್ಕಾರಣವಾಗಿ ಉಳಿದುಕೊಳ್ಳುತ್ತದೆ. ನರದ ವೇಗವನ್ನಳೆಯುವ ವಿದ್ಯುತ್ಪರೀಕ್ಷೆ ಅಲ್ಲಿನ ತಡೆಯನ್ನು ಬಹುಮಟ್ಟಿಗೆ ಪತ್ತೆಹಚ್ಚಬಲ್ಲದು. ಬೆನ್ನುಹುರಿಯ ಗಾಯ ಮಾತ್ರವಿದ್ದಲ್ಲಿ ಅದೇ ಪರೀಕ್ಷೆ ಸಾಮಾನ್ಯವಾಗಿ ಸಹಜ ಫಲವನ್ನೇ ಕೊಡುತ್ತದೆ.