ಒಂದೇ ವಿಮಾನ, ಹತ್ತಾರು ದರ

ಸಂತೆಯಲ್ಲಿ ಹೊತ್ತು ಮುಳುಗುತ್ತಾ ಬಂದರೆ ಸೊಪ್ಪಿನ ದರ ಇಳಿಯುತ್ತದೆ. ಮಿಕ್ಕ ಸೊಪ್ಪು ನಾಳೆಗೆ ಬಾಡುತ್ತದೆಂದು ಮಾರುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ವಿಮಾನದ ಸೀಟು ಅದಕ್ಕಿಂತ ಬೇಗ ಬಾಡುವ ಸರಕು. ಬಾಗಿಲು ಮುಚ್ಚಿದ ಮೇಲೆ ಖಾಲಿ ಸೀಟು ಮೂರು ಕಾಸಿಗೂ ಬಾಳುವುದಿಲ್ಲ. ಆದರೂ ಹೊರಡುವ ದಿನ ಹತ್ತಿರವಾದಷ್ಟೂ ಅದರ ದರ ಸಾಮಾನ್ಯವಾಗಿ ಏರುತ್ತಲೇ ಹೋಗುತ್ತದೆ. 2008ರ ಮೇನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಪಕ್ಕದ ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯವರಿಗೂ ಈ ಒಗಟು ದೂರದ್ದಾಗಿ ಉಳಿದಿಲ್ಲ.

ಉತ್ತರ ಇರುವುದು ಕೊಳ್ಳುವವರ ಅಗತ್ಯದಲ್ಲಿ. ತಿಂಗಳ ಮೊದಲೇ ಬುಕ್ ಮಾಡುವವರು ದರ ಜಾಸ್ತಿಯೆಂದರೆ ರೈಲು ಹಿಡಿಯುತ್ತಾರೆ. ಹಿಂದಿನ ದಿನ ಬರುವವರು ವ್ಯವಹಾರಕ್ಕೋ, ಆಸ್ಪತ್ರೆಗೋ, ಸಾವಿಗೋ ಹೋಗಲೇಬೇಕಾದವರು. ಅವರಿಗಾಗಿ ಸೀಟು ಕಾದಿರಿಸಿ ಹೆಚ್ಚು ಹಣಕ್ಕೆ ಮಾರುವುದೇ ಲಾಭವೆಂಬ ಲೆಕ್ಕಾಚಾರ, ಅಮೆರಿಕ 1978ರಲ್ಲಿ ದರ ನಿಯಂತ್ರಣ ಸಡಿಲಿಸಿದ ಮೇಲೆ ಅಲ್ಲಿ ಬೆಳೆಯಿತು. ನಮ್ಮಲ್ಲಿ ಸರ್ಕಾರಿ ಕಂಪನಿಗಳ ಏಕಸ್ವಾಮ್ಯ ಕಾನೂನಿನಲ್ಲೂ ಕೊನೆಗೊಂಡದ್ದು 1994ರಲ್ಲಿ. ಈ ದರದ ಲೆಕ್ಕಾಚಾರವನ್ನು ಜನಸಾಮಾನ್ಯರವರೆಗೆ ತಂದವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಶುರುವಾದ ಅವರ ಏರ್ ಡೆಕ್ಕನ್ ಒಂದು ರೂಪಾಯಿ ಟಿಕೆಟ್‌ನಿಂದ ಹೆಸರಾಯಿತು. ಆ ದರಕ್ಕೆ ಸಿಗುತ್ತಿದ್ದದ್ದು ಕೆಲವೇ ಸೀಟು. ಉಳಿದವು ಮೆಟ್ಟಿಲು ಮೆಟ್ಟಿಲಾಗಿ ದುಬಾರಿ.

ಇಂದಿಗೂ ಅದೇ ಕ್ರಮ. ಸುಮಾರು 180 ಸೀಟಿನ ಏರ್‌ಬಸ್ 320 ವಿಮಾನವನ್ನು ಕಂಪನಿ ಹಲವು ದರದ ಗುಂಪುಗಳಾಗಿ ಹಂಚಿಡುತ್ತದೆ. ಅಗ್ಗದ ಗುಂಪು ಮುಗಿದರೆ ಮುಂದಿನದು ತೆರೆಯುತ್ತದೆ. ಮಾರಾಟ ಮಂದವಾದರೆ ಅಗ್ಗದ್ದು ಮತ್ತೆ ತೆರೆಯಬಹುದು. ಮೊಬೈಲಿನಲ್ಲಿ ‘ಈ ದರಕ್ಕೆ 3 ಸೀಟು ಮಾತ್ರ’ ಎಂದು ಕಂಡರೆ ಖಾಲಿಯಾಗುತ್ತಿರುವುದು ಆ ಗುಂಪು, ಇಡೀ ವಿಮಾನವಲ್ಲ. ನಾಲ್ವರ ಸಂಸಾರ ಒಟ್ಟಿಗೆ ಬುಕ್ ಮಾಡಿದರೆ ಸಾಮಾನ್ಯವಾಗಿ ನಾಲ್ವರಿಗೂ ಮೇಲಿನ ದರವೇ ಬೀಳುತ್ತದೆ. ಮೂರು ಒಮ್ಮೆ, ಒಂದು ಆಮೇಲೆ ತೆಗೆದರೆ ಒಂದಕ್ಕಷ್ಟೇ ಹೆಚ್ಚು. ಇಂಧನದ ಕಥೆ ಬೇರೆ. ತೈಲ ಕಂಪನಿಗಳು ಪ್ರತಿ ತಿಂಗಳ ಮೊದಲ ದಿನ ಅದರ ಬೆಲೆ ಪರಿಷ್ಕರಿಸುತ್ತವೆ. ಅದರಿಂದ ಇಡೀ ಏಣಿ ಮೇಲೆ ಕೆಳಗೆ ಆಗಬಹುದು, ಬೆಳಗ್ಗೆ ಕಂಡ ದರ ಸಂಜೆಗೆ ಬದಲಾಗಲು ಅದು ಕಾರಣವಲ್ಲ.

ಈ ಪದ್ಧತಿಯನ್ನು ಪೂರಾ ಬೈಯಲಾಗದು. ಎಲ್ಲರಿಗೂ ಒಂದೇ ದರವಿಟ್ಟರೆ ಮೊದಲ ಸಲ ವಿಮಾನ ಹತ್ತುವ ಬಡವರೇ ಹೊರಗುಳಿಯುತ್ತಾರೆ. ಕೊನೆಯವರು ಕೊಟ್ಟ ಹೆಚ್ಚಿನ ಹಣವೇ ಅಗ್ಗದ ಸೀಟಿಗೆ ಆಧಾರ. ಆದರೆ ಪೈಪೋಟಿ ಇದ್ದಾಗಷ್ಟೇ ಈ ಸಮರ್ಥನೆ ನಿಲ್ಲುತ್ತದೆ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು. ಒಂದೇ ಕಂಪನಿ ಹಾರುವ ಮಾರ್ಗದಲ್ಲಿ ದರ ತಗ್ಗಿಸುವ ಒತ್ತಡ ಎಲ್ಲಿಂದ ಬರಬೇಕು? ಇನ್ನು ಮೇಲ್ವಿಚಾರಣೆ: ಕಂಪನಿಗಳು ತಮ್ಮ ಕನಿಷ್ಠ, ಗರಿಷ್ಠ ದರಗಳನ್ನು ತಾವೇ ಘೋಷಿಸುತ್ತವೆ, ಅದರೊಳಗೇ ಮಾರಿವೆಯೇ ಎಂದು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ನೋಡುತ್ತದೆ. ಗೆರೆ ಎಳೆಯುವವರೂ ಕಂಪನಿಯವರೇ ಆದ ಮೇಲೆ ದಾಟುವ ಪ್ರಶ್ನೆಯೇ ಬರುವುದಿಲ್ಲ. ಸರ್ಕಾರಕ್ಕೆ ಮಿತಿ ಹಾಕಲು ಬರುವುದಿಲ್ಲವೆಂದೂ ಅಲ್ಲ. ಕೋವಿಡ್ ಕಾಲದಲ್ಲಿ 2020ರ ಮೇನಿಂದ 2022ರ ಆಗಸ್ಟ್‌ವರೆಗೆ ದರಮಿತಿ ಇತ್ತು. 2025ರ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದಾಗ 500 ಕಿ.ಮೀ. ಒಳಗಿನ ಪಯಣಕ್ಕೆ ಸರ್ಕಾರ 7,500 ರೂಪಾಯಿ ಮೂಲದರದ ಮಿತಿ ಹಾಕಿತು.

ಹಾಗಾದರೆ ಕೊಳ್ಳುವುದು ಯಾವಾಗ? ಮಂಗಳವಾರ ನಡುರಾತ್ರಿ ಅಗ್ಗ ಎಂಬುದನ್ನು ನಂಬಿ ಕೂರಬೇಡಿ. ದೇಶದೊಳಗೆ, ಸಾಮಾನ್ಯ ದಿನಗಳ ಪಯಣಕ್ಕೆ ಮೂರು ವಾರದಿಂದ ಎರಡು ತಿಂಗಳ ಮೊದಲು ಸಾಕು. ದಸರಾ, ದೀಪಾವಳಿ, ಬೇಸಿಗೆ ರಜೆಗಾದರೆ ದಿನ ಗೊತ್ತಾದ ಕೂಡಲೇ ತೆಗೆಯಿರಿ. ವಾರದ ನಡುವಿನ ದಿನ, ಹೊತ್ತಲ್ಲದ ಹೊತ್ತಿನ ವಿಮಾನ ಸಾಮಾನ್ಯವಾಗಿ ಅಗ್ಗ. ಆದರೆ ಬೆಳಗಿನ ಜಾವದ ವಿಮಾನಕ್ಕೆ ಸಾಸಲಿನಿಂದ ಸರಿರಾತ್ರಿ ಕಾರು ಮಾಡಿಕೊಂಡು ಹೊರಟರೆ ಟಿಕೆಟ್‌ನಲ್ಲಿ ಉಳಿಸಿದ್ದು ಬಾಡಿಗೆಗೆ ಹೋಗುತ್ತದೆ. ಲೆಕ್ಕವನ್ನು ಮನೆಬಾಗಿಲಿನಿಂದಲೇ ಹಾಕಿ. ಟಿಕೆಟ್ ರದ್ದು ಮಾಡಿದರೆ, ದರ ವಾಪಸಿಲ್ಲದ ಟಿಕೆಟ್‌ಗೂ ತೆರಿಗೆ ಮತ್ತು ನಿಲ್ದಾಣದ ಶುಲ್ಕ ಮರಳಿ ಬರಬೇಕು, ಕೇಳಿ ಪಡೆಯಿರಿ.

ದರ ಏರಿಳಿಯಲಿ, ಅದು ವ್ಯಾಪಾರ. ಆದರೆ ಸಾವು, ಆಸ್ಪತ್ರೆಯ ಪಯಣಕ್ಕೆ ದಾಖಲೆ ತೋರಿಸಿದವರಿಗೆ ಒಂದು ನಿಗದಿತ ದರವಿರಬೇಕು. ಒಂದೊಂದು ಮಾರ್ಗದಲ್ಲಿ ಎಷ್ಟು ಸೀಟು ಯಾವ ದರಕ್ಕೆ ಮಾರಾಟವಾಯಿತೆಂಬುದನ್ನು ಡಿಜಿಸಿಎ ಪ್ರತಿ ತಿಂಗಳು ಪ್ರಕಟಿಸಬೇಕು.